ಎರಕದ ಎರಡನೇ ಹುಡುಗಿ

ಗದಿಗೆಪ್ಪ ಬಡಿಗೇರ ಎಂದರೆ ಶಿಕಾಗೋ ಸುತ್ತಲಿನ ಕನ್ನಡದವರಲ್ಲಿ ಅರ್ಧಕ್ಕರ್ಧ ಜನ ಯಾರು ಎಂದು ಕೇಳುತ್ತಾರೆ. ಬೋಲಿಂಗ್‌ಬ್ರೂಕ್‌ನ ಕುರ್ಚಿ ಅಂಕಲ್ ಎಂದರೆ ಎಲ್ಲರಿಗೂ ಗೊತ್ತು. ಊಟದ ಮೇಜಿನ ಕಾಲು ಮುರಿದರೆ, ಊರಿಂದ ತರಿಸಿದ ತೊಟ್ಟಿಲು ಬಿರುಕು ಬಿಟ್ಟರೆ, ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ಕಿತ್ತುಬಂದರೆ ಜನ ಅವರ ಗರಾಜಿಗೆ ಹೊತ್ತುಕೊಂಡು ಹೋಗುತ್ತಾರೆ. ಒಂದು ವಾರದಲ್ಲಿ ಅದು ಎಂದೂ ಮುರಿದೇ ಇರಲಿಲ್ಲ ಎನ್ನುವಂತೆ ವಾಪಸ್ ಬರುತ್ತದೆ. ಅವರು ಮೊದಲು ಏನು ಮಾಡುತ್ತಿದ್ದರು ಎಂದು ಯಾರೂ ಕೇಳಿದವರಲ್ಲ. ನಾನೂ ಆರು ವರ್ಷ ಕೇಳಲಿಲ್ಲ.

ನಾನು ಸುಚೇತಾ. ಮೈಸೂರಿನವಳು, ಲೈಲ್‌ನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮ್ ಕಾಗದ ನೋಡುವವಳು. ಆ ಕಾರಣಕ್ಕೆ ಬಿಗಿ ಇಂಗ್ಲಿಷಿನಲ್ಲಿ ಬರೆದ ಯಾವ ಪತ್ರ ಬಂದರೂ ನಮ್ಮವರು ತಂದು ನನ್ನ ಕೈಗೆ ಕೊಡುತ್ತಾರೆ. 2023ರ ಮಾರ್ಚ್ ತಿಂಗಳ ಒಂದು ಭಾನುವಾರ, ಲೆಮಾಂಟ್ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ, ಗದಿಗೆಪ್ಪನವರು ಜಾಕೆಟ್ಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದು ಕೊಟ್ಟರು.

"ತಂಗಿ, ಇದನ್ನ ಒಮ್ಮೆ ಓದಿ ಹೇಳು. ನನಗ ಅಕ್ಷರ ತಿಳೀತಾವು, ಅರ್ಥ ತಿಳೀವಲ್ದು."

ಅದು ವಕೀಲರ ನೋಟಿಸು. ಅದರಲ್ಲಿ ಏನಿತ್ತು ಎಂದು ಹೇಳುವ ಮೊದಲು ಅವರ ಹಿಂದಿನ ಬದುಕನ್ನು ಹೇಳಬೇಕು. ಆ ದಿನ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತು ಅವರು ನನಗೆ ಹೇಳಿದ್ದು ಅದನ್ನೇ.

ಗದಿಗೆಪ್ಪ ಬೆಳಗಾವಿಯವರು. ಉದ್ಯಮಬಾಗ್‌ನ ಫೌಂಡ್ರಿಯೊಂದರಲ್ಲಿ ಪ್ಯಾಟರ್ನ್, ಅಂದರೆ ಎರಕಕ್ಕೆ ಬೇಕಾದ ಮರದ ಅಚ್ಚು, ಮಾಡುವ ಬಡಿಗರಾಗಿದ್ದರು. ಬೀಡು ಕಬ್ಬಿಣದ ಯಾವ ವಸ್ತುವೇ ಆಗಲಿ, ಮೊದಲು ಮರದಲ್ಲಿ ಹುಟ್ಟಬೇಕು. ಆ ಮರದ ರೂಪವನ್ನು ಹಸಿ ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಟೊಳ್ಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಆರುವಾಗ ಕಬ್ಬಿಣ ಒಂದು ಅಡಿಗೆ ಇಂಚಿನ ಎಂಟನೇ ಒಂದು ಪಾಲು ಕುಗ್ಗುತ್ತದೆ. ಮರವನ್ನು ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ಎರಕ ಚೆನ್ನಾಗಿ ಬಂದರೆ ಹೊಯ್ದವನ ಹೆಸರು, ಕೆಟ್ಟರೆ ಬಡಿಗನ ತಪ್ಪು.

1995ರಲ್ಲಿ ಡೆಟ್ರಾಯ್ಟ್ ಕಡೆಯ ಪ್ಯಾಟರ್ನ್ ಶಾಪ್ ಒಂದರ ಮಾಲೀಕ ಬೆಳಗಾವಿಗೆ ಪಂಪಿನ ಬಿಡಿಭಾಗ ಕೊಳ್ಳಲು ಬಂದಿದ್ದ. ಗದಿಗೆಪ್ಪ ಕೆತ್ತಿದ ಪಂಪಿನ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದವನು, ಭಾಗದ ಜೊತೆಗೆ ಮನುಷ್ಯನನ್ನೂ ಕೇಳಿದ. ಹೀಗೆ ಗದಿಗೆಪ್ಪ, ಹೆಂಡತಿ ಕಮಲವ್ವನ ಜೊತೆ ಮಿಶಿಗನ್‌ನ ವಾರನ್‌ಗೆ ಬಂದರು. ಹದಿನಾಲ್ಕು ವರ್ಷ ಟ್ರಕ್ಕಿನ ಬ್ರೇಕ್ ಡ್ರಮ್ಮು, ಗೇರ್ ಬಾಕ್ಸು, ಎಂಜಿನ್ ಬ್ಲಾಕುಗಳ ಅಚ್ಚು ಕೆತ್ತಿದರು. ಮಗಳು ಶರಣ್ಯಾ ಅಲ್ಲಿಯೇ ಹುಟ್ಟಿದಳು. ಅಷ್ಟರಲ್ಲಿ ಕಂಪ್ಯೂಟರಿನಿಂದಲೇ ಅಚ್ಚು ಕೊರೆಯುವ ಯಂತ್ರ ಬಂತು. 2009ರಲ್ಲಿ ಶಾಪು ಬಾಗಿಲು ಮುಚ್ಚಿತು. ಆಗ ಅವರಿಗೆ ಐವತ್ತೆರಡು. ಬೋಲಿಂಗ್‌ಬ್ರೂಕ್‌ಗೆ ಬಂದು ವೇರ್‌ಹೌಸಿನಲ್ಲಿ ಡಬ್ಬಗಳಿಗೆ ಟೇಪು ಹಚ್ಚುವ ಕೆಲಸ ಹಿಡಿದರು.

"ಕೆಲಸ ಅಂದ್ರ ಕೆಲಸ," ಎಂದರು ನನಗೆ. "ಆದ್ರ ಮನಿಗೆ ಬಂದು ಕೈ ನೋಡ್ಕೊಂಡ್ರ, ಇವು ಯಾರ ಕೈಯೋ ಅನ್ನಿಸ್ತಿತ್ತು."

ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಹಳೇ ತೋಟದ ಸಾಮಾನು ಮಾರುವ ಒಂದು ಅಂಗಳವಿದೆ. ಬೇಲಿಯೊಳಗೆ ತುಕ್ಕು ಹಿಡಿದ ಬೆಂಚು, ಆಳೆತ್ತರದ ಹೂಕುಂಡ, ಕಾರಂಜಿಯ ಬಟ್ಟಲು. ನಾವೆಲ್ಲ ನೂರು ಸಲ ಅದರ ಮುಂದೆ ಹಾದವರು. 2012ರ ಶಿವರಾತ್ರಿಯ ದಿನ ಗದಿಗೆಪ್ಪ ಕಾರು ನಿಲ್ಲಿಸಿ ಒಳಗೆ ಹೋದರು. ಅಲ್ಲಿ ಹಣ್ಣಿನ ಬುಟ್ಟಿ ಹೊತ್ತ ಒಬ್ಬ ಹುಡುಗಿಯ ಕಬ್ಬಿಣದ ಮೂರ್ತಿ ನಿಂತಿತ್ತು, ಬಲಗೈ ಮಣಿಕಟ್ಟಿಗೇ ಮುರಿದಿತ್ತು. ಮಾಲೀಕನ ಹೆಸರು ಕಾಲಿನ್. ಅವನೇ ಹತ್ತಿರ ಬಂದು, ಫ್ರಾನ್ಸಿನದು, ನೂರೈವತ್ತು ವರ್ಷ ಹಳೆಯದು, ಕೈ ಇಲ್ಲದ್ದಕ್ಕೆ ಯಾರೂ ಕೊಳ್ಳುತ್ತಿಲ್ಲ ಎಂದ.

"ಈ ಕೈ ನಾನು ಮಾಡ್ತೀನಿ," ಎಂದರು ಗದಿಗೆಪ್ಪ.

ಕಾಲಿನ್ ನಕ್ಕ. ಮೂರು ವಾರದ ಮೇಲೆ ಮರದ ಕೈಯೊಂದನ್ನು ಟವೆಲಿನಲ್ಲಿ ಸುತ್ತಿ ತಂದು ಅವನ ಮೇಜಿನ ಮೇಲೆ ಇಟ್ಟಾಗ ನಗಲಿಲ್ಲ. ಇಂಡಿಯಾನಾದ ಒಂದು ಸಣ್ಣ ಫೌಂಡ್ರಿಯಲ್ಲಿ ಅದನ್ನು ಎರಕ ಹೊಯ್ಸಿ ಕೂರಿಸಿದರು. ಜಂಟು ಎಲ್ಲಿದೆ ಎಂದು ಕಾಲಿನ್‌ಗೇ ಹುಡುಕಲು ಆಗಲಿಲ್ಲ. ಆ ತಿಂಗಳೇ ಗದಿಗೆಪ್ಪ ವೇರ್‌ಹೌಸ್ ಬಿಟ್ಟರು.

ಆಮೇಲಿನ ನಾಲ್ಕು ವರ್ಷ ತಮ್ಮ ಜನ್ಮದಲ್ಲೇ ಸುಖದ ಕಾಲ ಎಂದು ಹೇಳುತ್ತಿದ್ದರು. ಹಂಸದ ಕುತ್ತಿಗೆ, ಸಿಂಹದ ಕಿವಿ, ದ್ರಾಕ್ಷಿ ಗೊಂಚಲು, ಕುಂಡದ ಹಿಡಿಕೆ. ಮುರಿದದ್ದನ್ನೆಲ್ಲ ಮರದಲ್ಲಿ ಮತ್ತೆ ಹುಟ್ಟಿಸಿದರು. ಕಾಲಿನ್ ಹತ್ತಿರ ಫ್ರೆಂಚ್ ಫೌಂಡ್ರಿಗಳ ಹಳೆಯ ಕ್ಯಾಟಲಾಗುಗಳಿದ್ದವು. ವಾಲ್ ದೋನ್, ದ್ಯುರೆನ್ ಎಂಬ ಹೆಸರುಗಳನ್ನು ಗದಿಗೆಪ್ಪ ತಮ್ಮದೇ ಉಚ್ಚಾರದಲ್ಲಿ ಕಲಿತರು. ಆ ಫೌಂಡ್ರಿಗಳಿದ್ದದ್ದು ಫ್ರಾನ್ಸಿನ ಪೂರ್ವದಲ್ಲಿ, ಕಾಡು, ಹೊಳೆ, ಕಬ್ಬಿಣದ ಅದಿರು ಮೂರೂ ಇದ್ದ ಒಂದು ಸೀಮೆಯಲ್ಲಿ. ಅಲ್ಲಿಂದ ಹಡಗು ಹತ್ತಿದ ಮೂರ್ತಿ ಕಾರಂಜಿಗಳು ಜಗತ್ತಿನ ಎಷ್ಟೋ ಊರುಗಳ ಚೌಕಗಳಲ್ಲಿ ನಿಂತವು. ಅವರು ಭಾಷೆ ಬಾರದೆಯೇ ಚಿತ್ರ ನೋಡುತ್ತಾ, ಯಾವ ಮೂರ್ತಿಯನ್ನು ಎಷ್ಟು ತುಂಡು ಮಾಡಿ ಎರಕ ಹೊಯ್ದಿರಬೇಕು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು.

"ಶಿಲ್ಪಿ ಹೆಸರು ಬರ್ದಾರ, ಮಾಲಕರ ಹೆಸರು ಬರ್ದಾರ. ಅಚ್ಚು ಮಾಡಿದಾಂವನ ಹೆಸರು ಎಲ್ಲಿ ಹುಡುಕಿದ್ರೂ ಇಲ್ಲ ತಂಗಿ," ಎಂದರು. "ಅವ್ರೂ ನಮ್ಮಂಥವ್ರೇ."

2016ರಲ್ಲಿ ಕಾಲಿನ್ ಡೆಟ್ರಾಯ್ಟ್ ಪಕ್ಕದ ಸರೋವರದ ದಂಡೆಯ ದೊಡ್ಡ ಮನೆಯೊಂದರಿಂದ ಒಂದು ಮೂರ್ತಿ ತಂದ. ಬಂಡೆಯ ಮೇಲೆ ಕೂತು ಕೊಡದಿಂದ ನೀರು ಸುರಿಯುವ ಹುಡುಗಿ. ಕ್ಯಾಟಲಾಗಿನ ಪ್ರಕಾರ ಅದು ಜೋಡಿ. ಇನ್ನೊಬ್ಬಳು ಕೈಯಲ್ಲಿ ಶಂಖ ಹಿಡಿದು, ಒಂದು ಕಾಲು ಚಾಚಿ ಕೂತವಳು. ಅವಳು ಎಂದೋ ಕಳೆದುಹೋಗಿದ್ದಳು. ಉಳಿದದ್ದು ಹೆಬ್ಬೆರಳುದ್ದದ ಚಿತ್ರ ಮಾತ್ರ.

"ಜೋಡಿ ಪೂರ್ತಿ ಮಾಡಬೇಕು ಅಂತ ಮನೆಯವರ ಆಸೆ," ಎಂದ ಕಾಲಿನ್. "ಹೊಸದು ಅಂತ ಅವರಿಗೆ ಗೊತ್ತು. ನಿನ್ನಿಂದ ಆಗುತ್ತಾ?"

ಚಿತ್ರ ನೋಡಿ ಇಡೀ ಮೂರ್ತಿ ಕೆತ್ತುವುದು ಮುರಿದ ಬೆರಳು ಮಾಡಿದಂತಲ್ಲ. ಗದಿಗೆಪ್ಪ ಹದಿನಾಲ್ಕು ತಿಂಗಳು ತೆಗೆದುಕೊಂಡರು. ಬಾಸ್‌ವುಡ್ ಮರದ ದಿಮ್ಮಿ ಗರಾಜಿನ ತುಂಬಾ, ಕಾರು ಆಚೆ ಹಿಮದಲ್ಲಿ. ಮುಖ, ಸೀರೆಯಂಥ ಆ ವಸ್ತ್ರದ ಮಡಿಕೆ, ಶಂಖ ಎಲ್ಲ ಬಂತು. ಚಾಚಿದ ಕಾಲು ಮಾತ್ರ ಬರಲಿಲ್ಲ. ಚಿತ್ರದಲ್ಲಿ ಪಾದ ಎನ್ನುವುದು ಒಂದು ಗೀರು ಅಷ್ಟೇ. ಎರಡು ಸಲ ಕೆತ್ತಿ ಎರಡು ಸಲ ಕತ್ತರಿಸಿ ಬಿಸಾಡಿದರು. ಕೊನೆಗೆ ಕಮಲವ್ವನನ್ನು ಕರೆದರು.

"ಇಲ್ಲಿ ಕುಂದರು. ಕಾಲು ಚಾಚು."

"ನಿಮಗೇನ್ ತಲಿಗಿಲಿ ಕೆಟ್ಟೈತೇನು? ಈ ಥಂಡ್ಯಾಗ?" ಎಂದಳಂತೆ ಕಮಲವ್ವ. ಆದರೂ ಕೂತಳು. ಒಂಬತ್ತು ದಿನ, ಸ್ಪೇಸ್ ಹೀಟರ್ ಪಕ್ಕದಲ್ಲಿ, ಮಡಚುವ ಕುರ್ಚಿಯ ಮೇಲೆ, ಫೋನಿನಲ್ಲಿ ಬೆಳಗಾವಿಯ ತಂಗಿಯ ಜೊತೆ ಮಾತಾಡುತ್ತಾ. ಎಂಟನೇ ಕ್ಲಾಸಿನಲ್ಲಿ ಬಾವಿಕಟ್ಟೆಯಿಂದ ಬಿದ್ದು ಅವಳ ಕಿರುಬೆರಳು ಒಳಕ್ಕೆ ಬಾಗಿತ್ತು. ಕಾಲುಂಗುರ ತೊಟ್ಟು ತೊಟ್ಟು ಎರಡನೇ ಬೆರಳಲ್ಲಿ ಒಂದು ತಗ್ಗು ಬಿದ್ದಿತ್ತು. ಗದಿಗೆಪ್ಪ ಉಂಗುರ ಬಿಟ್ಟು ಆ ತಗ್ಗನ್ನು ಕೆತ್ತಿದರು. ಬಾಗಿದ ಕಿರುಬೆರಳನ್ನೂ ಇದ್ದಂತೆಯೇ ಕೆತ್ತಿದರು.

ಅದೇ ಸಮಯದಲ್ಲಿ ಕಾಲಿನ್ ಇನ್ನೊಂದು ಚಿಕ್ಕ ಕೆಲಸ ಕೊಟ್ಟ. ಹಳೇ ಹುಡುಗಿಯ ಬುಡದಲ್ಲಿ ಫೌಂಡ್ರಿಯ ಹೆಸರಿದ್ದ ಪಟ್ಟಿ ಸವೆದಿದೆ, ಅದಕ್ಕೊಂದು ಹೊಸ ಪಟ್ಟಿಯ ಅಚ್ಚು ಬೇಕು ಎಂದ. ಗದಿಗೆಪ್ಪ ಅರ್ಧ ದಿನದಲ್ಲಿ ಕೆತ್ತಿ ಕೊಟ್ಟರು. ಅಕ್ಷರ ಒಂದೊಂದೂ ಹಳೆಯದರ ಹಾಗೇ ಬಂದಿದೆ ಎಂದು ಹೆಮ್ಮೆಪಟ್ಟರು.

ಎರಕ ಬಂತು. ಮೂರ್ತಿ ಟ್ರಕ್ಕು ಹತ್ತಿ ಮಿಶಿಗನ್‌ಗೆ ಹೋಯಿತು. ಮರದ ಅಚ್ಚು ಕಾಲಿನ್ ಹತ್ತಿರವೇ ಉಳಿಯಿತು, ಮುಂದೆ ಎಲ್ಲಿ ಹೋಯಿತೋ. ಎರಡು ವರ್ಷಕ್ಕೆ ಕಮಲವ್ವನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. 2019ರ ಆಗಸ್ಟಿನಲ್ಲಿ ತೀರಿಕೊಂಡಳು. ನೇಪರ್‌ವಿಲ್‌ನಲ್ಲಿ ನಡೆದ ಅಂತ್ಯಕ್ರಿಯೆಗೆ ನಾನೂ ಹೋಗಿದ್ದೆ. ಗದಿಗೆಪ್ಪ ಅಳಲಿಲ್ಲ. ಕಾಲಿನ್‌ನ ಕೆಲಸ ಬಿಟ್ಟರು. ಆಮೇಲೆಯೇ ಅವರು ಕುರ್ಚಿ ಅಂಕಲ್ ಆದದ್ದು.

ಶರಣ್ಯಾ ಡೆಟ್ರಾಯ್ಟ್‌ನಲ್ಲಿ ಫಾರ್ಮಸಿ ಓದಲು ಸೇರಿದಳು. 2022ರ ಜೂನಿನಲ್ಲಿ ಮಗಳನ್ನು ನೋಡಲು ಹೋದ ಗದಿಗೆಪ್ಪನವರನ್ನು ಅವಳು ಒಂದು ದಿನ ತೋಟ ತೋರಿಸಲು ಕರೆದುಕೊಂಡು ಹೋದಳು. ಟಿಕೆಟ್ ಕೊಂಡು ನೋಡುವ ಹಳೇ ಎಸ್ಟೇಟು. ಗುಲಾಬಿ ಸಾಲು ದಾಟಿ ಕೊಳದ ಹತ್ತಿರ ಬಂದರೆ, ಆಚೆ ಈಚೆ ಇಬ್ಬರು ಹುಡುಗಿಯರು ಕೂತಿದ್ದಾರೆ. ಒಬ್ಬಳ ಕೈಯಲ್ಲಿ ಕೊಡ, ಇನ್ನೊಬ್ಬಳ ಕೈಯಲ್ಲಿ ಶಂಖ.

ಗದಿಗೆಪ್ಪ ಹುಲ್ಲಿನ ಮೇಲೆ ಮೊಣಕಾಲೂರಿ ಕೂತುಬಿಟ್ಟರು. ಚಾಚಿದ ಪಾದದ ಮೇಲೆ ಕೈಯಿಟ್ಟರು. ಬಿಸಿಲಿಗೆ ಕಬ್ಬಿಣ ಬೆಚ್ಚಗಿತ್ತು. ಎರಡನೇ ಬೆರಳಿನ ತಗ್ಗು ಸಿಕ್ಕಿತು, ಬಾಗಿದ ಕಿರುಬೆರಳು ಸಿಕ್ಕಿತು. ಮೂರು ವರ್ಷದಲ್ಲಿ ಮೊದಲ ಸಲ ಅವರು ಅತ್ತದ್ದು ಅಲ್ಲಿ.

"ಅಪ್ಪಾ, ಪೀಪಲ್ ಆರ್ ಲುಕಿಂಗ್," ಎಂದಳು ಶರಣ್ಯಾ. ಆಮೇಲೆ ಅವಳಿಗೂ ಗೊತ್ತಾಯಿತು. ಗರಾಜಿನಲ್ಲಿ ಅಮ್ಮ ಕಾಲು ಚಾಚಿ ಕೂತದ್ದನ್ನು ಅವಳು ನೋಡಿದವಳೇ. ಅವಳೂ ಪಕ್ಕದಲ್ಲಿ ಕೂತಳು.

ಏಳುವಾಗ ಗದಿಗೆಪ್ಪ ಬೋರ್ಡು ಓದಿದರು. ಜೋಡಿ ಮೂರ್ತಿಗಳು, ಫ್ರಾನ್ಸ್, ಸುಮಾರು 1870. ಇಬ್ಬರ ಬುಡದಲ್ಲೂ ಫೌಂಡ್ರಿಯ ಪಟ್ಟಿ. ಶಂಖದ ಹುಡುಗಿಯ ಬುಡದಲ್ಲಿದ್ದದ್ದು ಅವರೇ ಕೆತ್ತಿದ ಪಟ್ಟಿ.

ಅವರು ತೋಟ ತೋರಿಸುತ್ತಿದ್ದ ಹೆಂಗಸಿನ ಹತ್ತಿರ ಹೋಗಿ, ಇದು ನಾನು ಮಾಡಿದ್ದು, ಇಲ್ಲಿನ ಬೋರ್ಡು ತಪ್ಪಿದೆ ಎಂದರು. ಅವಳು ತುಂಬಾ ಮರ್ಯಾದೆಯಿಂದ ನಕ್ಕು, ಇದನ್ನು ನೋಡಿದವರಿಗೆಲ್ಲ ಹಾಗೆ ಏನೋ ಒಂದು ಹತ್ತಿರದ ಭಾವ ಬರುತ್ತದೆ ಎಂದಳು.

ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗದಿಗೆಪ್ಪ ಬಿಡಲಿಲ್ಲ. ಹೆಸರಿನ ಆಸೆಯೇ ಎಂದು ನಾನು ಕೇಳಿದಾಗ, "ನನ್ನ ಹೆಸರು ಬ್ಯಾಡ ತಂಗಿ. ಆದ್ರ ಆ ಕಾಲು ಯಾವುದೋ ಫ್ರಾನ್ಸಿನಾಕಿದು ಅಂತ ಬರ್ದಾರಲ್ಲ, ಅದನ್ನ ಹ್ಯಾಂಗ ನೋಡಿ ಸುಮ್ನಿರ್ಲಿ?" ಎಂದರು.

ಅವರು ತೋಟಕ್ಕೆ ಪತ್ರ ಬರೆಸಿದರು. ಸಂಗ್ರಹ ನೋಡಿಕೊಳ್ಳುವ ಹೆಲೆನ್ ಎಂಬಾಕೆ ಅವರನ್ನು ಕರೆಸಿ ಎರಡು ಗಂಟೆ ಕೂತು ಕೇಳಿದಳು. ಗದಿಗೆಪ್ಪ ಹೇಳಿದರು: ಹಳೇ ಫ್ರೆಂಚ್ ಬೀಡು ಕಬ್ಬಿಣದಲ್ಲಿ ರಂಜಕ, ಅಂದರೆ ಫಾಸ್ಫರಸ್, ಜಾಸ್ತಿ. ಅದರಿಂದಲೇ ಅದು ನೀರಿನಂತೆ ಹರಿದು ಸಣ್ಣ ಸಣ್ಣ ಮಡಿಕೆಗೂ ಇಳಿಯುತ್ತಿತ್ತು. ಈಗಿನ ಕಬ್ಬಿಣದಲ್ಲಿ ಅಷ್ಟಿಲ್ಲ. ಇಬ್ಬರ ಬೆನ್ನಿನಿಂದಲೂ ಚಿಟಿಕೆ ಪುಡಿ ಕೆರೆದು ಪರೀಕ್ಷೆ ಮಾಡಿಸಿ, ಗೊತ್ತಾಗುತ್ತದೆ. ಆಕೆ ಎಲ್ಲ ಬರೆದುಕೊಂಡಳು. ಪಾದ ಯಾರದು ಎಂದೂ ಹೇಳಿದರು. ಅದನ್ನು ಬರೆದುಕೊಳ್ಳಲಿಲ್ಲ.

ಐದು ತಿಂಗಳ ಮೇಲೆ ಬಂದದ್ದೇ ನನ್ನ ಕೈಯಲ್ಲಿದ್ದ ನೋಟಿಸು. ಕಳಿಸಿದವರು ಮೂರ್ತಿಗಳನ್ನು ತೋಟಕ್ಕೆ ದಾನ ಕೊಟ್ಟ ಮನೆತನದ ವಕೀಲರು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕಾಲಿನ್ ಬರೆದುಕೊಟ್ಟಿದ್ದಾನೆ ಅಂಕಲ್, ಶಂಖದ ಮೂರ್ತಿ ಅವನಿಗೆ ಬೇರೆಯವರಿಂದ ಸಿಕ್ಕಿತು, ಆಗಲೇ ಅದರ ಮೇಲೆ ಪಟ್ಟಿ ಇತ್ತು, ನೀವು ಸಣ್ಣ ರಿಪೇರಿ ಮಾಡಿದ್ದು ಅಷ್ಟೇ ಅಂತ. ಮೂರ್ತಿ ನೀವೇ ಮಾಡಿದ್ದು ಅನ್ನುವುದಾದರೆ ಆ ಪಟ್ಟಿ ಮಾಡಿದವರೂ ನೀವೇ ಆಗುತ್ತೀರಿ. ಹಾಗಾದರೆ ನಕಲಿ ಮಾಡಿದ ಕೈ ನಿಮ್ಮದು. ಮೂವತ್ತು ದಿನದಲ್ಲಿ ಮಾತು ವಾಪಸ್ ತಗೊಳ್ಳದಿದ್ದರೆ ಕೋರ್ಟಿಗೆ ಹೋಗ್ತಾರಂತೆ.

ಅವರು ನನ್ನ ಕೈಯಿಂದ ನೋಟಿಸು ತೆಗೆದುಕೊಂಡು ಮಡಚಿದರು.

"ಪಟ್ಟಿ ಮಾಡಿದ್ದು ನಾನೇ," ಎಂದರು.

"ಅದು ಯಾಕೆ ಅಂತ ಕಾಲಿನ್ ನಿಮಗೆ ಸುಳ್ಳು ಹೇಳಿದ್ದ ಅಲ್ವಾ?"

"ಕಾಗದದಾಗ ಏನಾರ ಐತೇನು? ಬಾಯಿಮಾತು."

ಮರದ ಅಚ್ಚಿಲ್ಲ. ಫೋಟೋ ಇಲ್ಲ. ಇಂಡಿಯಾನಾದ ಫೌಂಡ್ರಿ ಕೋವಿಡ್ ವರ್ಷದಲ್ಲಿ ಮುಚ್ಚಿತ್ತು. ಕಣ್ಣಾರೆ ಕಂಡ ಸಾಕ್ಷಿ ಎಂದರೆ ಶರಣ್ಯಾ ಒಬ್ಬಳು. ಅವರು ಅಲ್ಲಿಯೇ ಸ್ಪೀಕರ್ ಹಾಕಿ ಮಗಳಿಗೆ ಫೋನ್ ಮಾಡಿದರು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ಮರೆಯಲು ಆಗಿಲ್ಲ. ಇನ್ನು ಸ್ವಲ್ಪ ದಿನಕ್ಕೆ ನಾನು ಲೈಸೆನ್ಸಿಗೆ ಅಪ್ಲೈ ಮಾಡಬೇಕು ಅಪ್ಪಾ, ನಕಲಿ ಕೇಸಿನಲ್ಲಿ ನನ್ನ ಹೆಸರು ಬರುವುದು ಬೇಡ ಎಂದಳು. ಅಮ್ಮನಿಗೂ ಇದು ಇಷ್ಟವಾಗುತ್ತಿರಲಿಲ್ಲ ಎಂದಳು. ಆಮೇಲೆ ಕನ್ನಡದಲ್ಲಿ, "ಸಾರಿ ಅಪ್ಪಾ, ಬಿಟ್ಬಿಡಿ," ಎಂದಳು.

ಅವರು ನನ್ನ ಮುಖ ನೋಡಿದರು. ನಾನು ಧೈರ್ಯ ಹೇಳಬಹುದಿತ್ತು, ಒಬ್ಬ ವಕೀಲರನ್ನು ಹುಡುಕಬಹುದಿತ್ತು. ದಿನವಿಡೀ ಕ್ಲೇಮ್ ನೋಡಿ ನನಗೆ ಬಂದಿರುವ ಬುದ್ಧಿ ಒಂದೇ: ಕಾಗದವಿಲ್ಲದವನು ಗೆಲ್ಲುವುದಿಲ್ಲ. "ಬಿಡಿ ಅಂಕಲ್," ಎಂದೆ. "ಬರೆದುಕೊಟ್ಟುಬಿಡಿ. ಯಾವಾಗ ಬೇಕಾದರೂ ಟಿಕೆಟ್ ತಗೊಂಡು ಹೋಗಿ ನೋಡಬಹುದಲ್ಲ."

ಆ ಹೇಳಿಕೆಯನ್ನು ಟೈಪ್ ಮಾಡಿದವಳು ನಾನೇ. ಶಂಖದ ಮೂರ್ತಿ ನನ್ನ ಕೆಲಸವಲ್ಲ, ವಯಸ್ಸಿನ ಕಾರಣ ನೆನಪು ತಪ್ಪಿ ಹಾಗೆ ಹೇಳಿದೆ. ವಯಸ್ಸಿನ ಮಾತನ್ನು ಸೇರಿಸಿದ್ದೂ ನಾನೇ, ಅದರಿಂದ ವಕೀಲರು ಬೇಗ ಒಪ್ಪುತ್ತಾರೆ ಎಂದು. ಗದಿಗೆಪ್ಪ ಕೆಳಗೆ ಸಹಿ ಹಾಕಿದರು. ಅಷ್ಟು ಅಚ್ಚುಕಟ್ಟು ಕೈಯವರ ಸಹಿ ಗೆರೆ ಬಿಟ್ಟು ಇಳಿದಿತ್ತು.

ಅಕ್ಟೋಬರಿನಲ್ಲಿ ಅವರು ಒಬ್ಬರೇ ಕಾರು ಹತ್ತಿ, ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ತೋಟಕ್ಕೆ ಹೋದರು. ಕಮಲವ್ವನ ಹುಟ್ಟಿದ ದಿನವಂತೆ. ಕೊಳದ ಒಂದು ಕಡೆ ಕೊಡದ ಹುಡುಗಿ ಕೂತಿದ್ದಳು. ಇನ್ನೊಂದು ಕಡೆ ಬರೀ ಕಲ್ಲಿನ ಪೀಠ.

ಹೆಲೆನ್ ಆಫೀಸಿನಿಂದ ಇಳಿದು ಬಂದಳು. ಅವರನ್ನು ಒಳಗೆ ಕರೆದೊಯ್ದು, ಬಾಗಿಲು ಹಾಕಿ, ದನಿ ತಗ್ಗಿಸಿ ಮಾತಾಡಿದಳು.

"ನೀವು ಹೇಳಿದ್ದು ನಿಜ. ನಾನು ಪರೀಕ್ಷೆ ಮಾಡಿಸಿದೆ. ಆ ಕಬ್ಬಿಣ ಈಗಿನ ಕಾಲದ್ದು. ಗೊತ್ತಾದ ಮೇಲೆ ಹಳೆಯದು ಅಂತ ಇಡೋಕೆ ಆಗಲ್ಲ. ಹೊಸದು ಅಂತ ಹೇಳೋಕೆ ದಾನ ಕೊಟ್ಟವರು ಬಿಡಲ್ಲ. ಅದಕ್ಕೆ ಒಳಗೆ ಇಟ್ಟಿದೀವಿ."

"ಒಳಗ ಎಲ್ಲಿ?"

"ಗೋದಾಮಿನಲ್ಲಿ. ಪೆಟ್ಟಿಗೆಯಲ್ಲಿ ಹಾಕಿ, ಮೊಳೆ ಹೊಡೆದು."

"ಒಮ್ಮೆ ತೋರಿಸ್ರಿ. ಐದು ನಿಮಿಷ ಸಾಕು. ಇಲ್ಲಾ ನನಗೇ ಕೊಡ್ರಿ, ಬೇಕಾದ್ದು ಕೊಟ್ಟು ಒಯ್ತೀನಿ."

ಹೆಲೆನ್ ಕೆಟ್ಟವಳಲ್ಲ ಎಂದು ಗದಿಗೆಪ್ಪ ಇವತ್ತಿಗೂ ಹೇಳುತ್ತಾರೆ. ಆಕೆಯ ಕಣ್ಣಲ್ಲಿ ನೀರಿತ್ತಂತೆ. ಆದರೆ ಹೇಳಿದ್ದು ಇದು: "ಯಾವ ಸಂಬಂಧದ ಮೇಲೆ ತೋರಿಸಲಿ? ಅದು ನಿಮ್ಮದಲ್ಲ ಅಂತ ನೀವೇ ಬರೆದುಕೊಟ್ಟಿದೀರಲ್ಲ."

ಅವರು ಅದೇ ದಿನ ವಾಪಸ್ ಬಂದರು. ಮಗಳ ಮನೆಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ ನನಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸುಮ್ನಿದ್ದಿದ್ರ ಬೋರ್ಡ್ ಸುಳ್ಳಿರ್ತಿತ್ತು, ಆಕಿ ಇರ್ತಿದ್ಲು," ಎಂದರು. "ನಾನೇ ಎಬ್ಬಿಸಿ ಕಳಿಸ್ದೆ."

ಕಳೆದ ಬೇಸಿಗೆಯಲ್ಲಿ ನಮ್ಮ ಪೈಕಿಯ ಡಾಕ್ಟರ್ ಮನೋಹರ್ ಅವರ ಹೊಸ ಮನೆಯ ಗೃಹಪ್ರವೇಶ. ಮುಂಬಾಗಿಲ ಎರಡೂ ಕಡೆ ಸೊಂಟದೆತ್ತರದ ಎರಡು ಕಬ್ಬಿಣದ ಹೂಕುಂಡ, ಹಿಡಿಕೆಯ ಜಾಗದಲ್ಲಿ ಹಂಸ. ದೇವಸ್ಥಾನದ ದಾರಿಯ ಕಾಲಿನ್‌ನ ಅಂಗಳದಲ್ಲೇ ಕೊಂಡದ್ದು, ಅಪ್ಪಟ ಫ್ರೆಂಚ್ ಆಂಟಿಕ್, ಸರ್ಟಿಫಿಕೇಟ್ ಇದೆ ಎಂದು ಮನೋಹರ್ ಬಂದವರಿಗೆಲ್ಲ ತೋರಿಸುತ್ತಿದ್ದರು. ಹೆಂಗಸರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನಾನೂ ನಿಂತೆ.

ಗದಿಗೆಪ್ಪ ಬಂದಾಗ ಮೆಟ್ಟಿಲ ಹತ್ತಿರ ನಿಂತು ಒಂದು ಹಂಸದ ಕುತ್ತಿಗೆಯ ಮೇಲೆ ಬೆರಳಾಡಿಸಿದರು. ಕುಂಡದ ಬುಡಕ್ಕೆ ಬಗ್ಗಿ ಫೌಂಡ್ರಿಯ ಹೆಸರಿನ ಪಟ್ಟಿ ನೋಡಿದರು. ನಾನು ನೋಡುತ್ತಿದ್ದೆ.

"ಏನಂಕಲ್, ಹೇಗಿದೆ?" ಎಂದರು ಮನೋಹರ್. "ನಿಮಗೆ ಇದೆಲ್ಲ ಗೊತ್ತಾಗುತ್ತಂತಲ್ಲ."

"ಛಲೋ ಐತ್ರಿ," ಎಂದರು ಗದಿಗೆಪ್ಪ. "ಭಾಳ ಹಳೇದು."

ಚಪ್ಪಲಿ ಬಿಟ್ಟು ಒಳಗೆ ಹೋಗಿ, ಊಟದ ಸಾಲಿನಲ್ಲಿ ನಿಂತರು.